ಜಂತೆ ಎಣಿಸಿದರೆ ತಪ್ಪೇನು?

2024ರ ವಸಂತದಲ್ಲಿ ಬ್ರಿಟನ್ನಿನ ಕೆಲವು ಪತ್ರಿಕೆಗಳಿಗೆ ಬೆಣ್ಣೆಯ ಚಿಂತೆ ಹತ್ತಿತು. ಹಳೆಯ ಬಂಗಲೆಗಳನ್ನೂ ಬೆಟ್ಟ, ಕಡಲತೀರಗಳನ್ನೂ ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ ತನ್ನ ಕೆಫೆಗಳಲ್ಲಿ ಮಾರುವ ಸ್ಕೋನ್‌ಗೆ ಬೆಣ್ಣೆ ಹಾಕುತ್ತಿಲ್ಲ, ಸಸ್ಯಜನ್ಯ ಕೊಬ್ಬು ಬಳಸುತ್ತಿದೆ ಎಂಬುದು ಸುದ್ದಿ. ಸ್ಕೋನ್ ಎಂದರೆ ಜಾಮ್, ಕೆನೆ ಸವರಿಕೊಂಡು ಚಹಾದ ಜೊತೆ ತಿನ್ನುವ, ಬನ್ನಿಗಿಂತ ಸ್ವಲ್ಪ ಒರಟಾದ ತಿನಿಸು. ಅಲರ್ಜಿ ಇರುವವರೂ ತಿನ್ನಲಿ ಎಂದು ವರ್ಷಗಳಿಂದ ಹೀಗೇ ಮಾಡುತ್ತಿದ್ದೇವೆ ಎಂದು ಟ್ರಸ್ಟ್ ಹೇಳಿದರೂ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಇಂಗ್ಲಿಷ್ ಸಂಸ್ಕೃತಿಯ ಬುಡಕ್ಕೇ ಕೊಡಲಿ ಬಿತ್ತು ಎಂಬ ಧಾಟಿಯ ಮಾತು ಹೊರಟಿತು. ಅದಕ್ಕೂ ಮುಂಚೆ, 2017ರಲ್ಲಿ, ಟ್ರಸ್ಟ್ ಮಕ್ಕಳಿಗಾಗಿ ನಡೆಸುವ ಚಾಕೊಲೇಟ್ ಮೊಟ್ಟೆ ಹುಡುಕುವ ಆಟದ ಹೆಸರಿನಿಂದ ‘ಈಸ್ಟರ್’ ಕಾಣೆಯಾಗಿದೆ ಎಂದು ಗದ್ದಲವೆದ್ದಾಗ ಪರದೇಶ ಪ್ರವಾಸದಲ್ಲಿದ್ದ ಪ್ರಧಾನಿ ತೆರೇಸಾ ಮೇ ಅಲ್ಲಿಂದಲೇ ಖಂಡಿಸಿದ್ದರು.

ನಗಬಹುದು. ಆದರೆ ಈ ಬೆಣ್ಣೆ, ಮೊಟ್ಟೆಗಳ ಹಿಂದೆ ಬಲವಾಗಿ ಬೇರೂರಿದ ಒಂದು ಅಭಿಪ್ರಾಯವಿದೆ. ಅದು ಹೀಗೆ: ಟ್ರಸ್ಟಿನ ಕೆಲಸ ಮನೆ ಕಾಯುವುದು. ಸೋರುವ ಮಾಡು ರಿಪೇರಿ ಮಾಡಲಿ, ಗುಲಾಬಿ ಗಿಡ ಸವರಲಿ, ಬೆಳ್ಳಿ ಪಾತ್ರೆ ತಿಕ್ಕಲಿ, ಬಂದವರಿಗೆ ಚಹಾ ಕೊಡಲಿ. ಆ ಮನೆ ಕಟ್ಟಿದ ದುಡ್ಡು ಯಾವ ದೇಶದಿಂದ ಬಂತು, ಯಾರ ಬೆವರಿನಿಂದ ಬಂತು ಎಂಬ ಉಸಾಬರಿ ಅದಕ್ಕೆ ಬೇಡ. ನದಿಮೂಲ, ಋಷಿಮೂಲ ಕೆದಕಬಾರದು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅಲ್ಲಿಯವರು ಅದಕ್ಕೆ ಮನೆಮೂಲವನ್ನೂ ಸೇರಿಸಿಕೊಂಡಿದ್ದಾರೆ. ಹಳೆಯ ಮನೆತನಗಳು ಮನೆ ಕೊಟ್ಟವು, ಸದಸ್ಯರು ಚಂದಾ ಕೊಟ್ಟರು. ಅವರದೇ ಅನ್ನ ಉಂಡು ಅವರ ಪೂರ್ವಜರ ಹುಳುಕು ಹುಡುಕುವುದು ಉಂಡ ಮನೆಯ ಜಂತೆ ಎಣಿಸುವ ಬುದ್ಧಿ ಎಂಬುದು ಆಕ್ಷೇಪದ ತಿರುಳು.

ಇದು ಬರೀ ಟ್ಯಾಬ್ಲಾಯ್ಡ್ ಪತ್ರಿಕೆಗಳ ಕೂಗಲ್ಲ. ಸಂಸದರು ಹೇಳಿದ್ದಾರೆ, ಮಂತ್ರಿಗಳು ಹೇಳಿದ್ದಾರೆ, 2021ರಲ್ಲಿ ಹುಟ್ಟಿಕೊಂಡ ‘ರೆಸ್ಟೋರ್ ಟ್ರಸ್ಟ್’ ಎಂಬ ಗುಂಪು ಪ್ರತಿವರ್ಷದ ಮಹಾಸಭೆಯಲ್ಲಿ ಇದನ್ನೇ ಹೇಳುತ್ತದೆ. ರಾಜಕೀಯದ ಗಂಧವೇ ಬೇಡವೆನ್ನುವ ಸಾಮಾನ್ಯ ಸದಸ್ಯರಿಗೂ ಇದು ನ್ಯಾಯವಾದ ಮಾತೇ ಅನ್ನಿಸುತ್ತದೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೂವು ನೋಡಲು ಹೋದವರಿಗೆ ಗುಲಾಮಗಿರಿಯ ಪಾಠ ಯಾಕೆ? ಕೇಳಿದ ಕೂಡಲೇ ತಲೆಯಾಡಿಸುವಂಥ ಪ್ರಶ್ನೆ. ಟ್ರಸ್ಟಿನ ಚರಿತ್ರೆಯನ್ನೂ ಆ ಮನೆಗಳ ಚರಿತ್ರೆಯನ್ನೂ ಎದುರಿಗಿಟ್ಟುಕೊಂಡು ನೋಡಿದರೆ ಮಾತ್ರ ಅದು ನಿಲ್ಲುವುದಿಲ್ಲ.

‘ಮೂಲ ಉದ್ದೇಶಕ್ಕೆ ಮರಳಿ’ ಎನ್ನುವವರು ಆ ಮೂಲವನ್ನು ಒಮ್ಮೆ ನೋಡಬೇಕು. ಟ್ರಸ್ಟ್ ನೋಂದಣಿಯಾದದ್ದು 1895ರ ಜನವರಿಯಲ್ಲಿ. ಕಟ್ಟಿದವರು ಮೂವರು. ಆಕ್ಟೇವಿಯಾ ಹಿಲ್ ಲಂಡನ್ನಿನ ಬಡವರ ವಠಾರಗಳನ್ನು ಸುಧಾರಿಸಲು ಹೊರಟಿದ್ದ ಹೆಣ್ಣುಮಗಳು. ರಾಬರ್ಟ್ ಹಂಟರ್ ವಕೀಲ. ಜಮೀನುದಾರರು ಊರ ಗೋಮಾಳಗಳಿಗೆ ಬೇಲಿ ಹಾಕಿಕೊಳ್ಳುವುದರ ವಿರುದ್ಧ ಕೋರ್ಟಿನಲ್ಲಿ ಬಡಿದಾಡಿದವರು. ಹಾರ್ಡ್ವಿಕ್ ರಾನ್‌ಸ್ಲಿ ಲೇಕ್ ಡಿಸ್ಟ್ರಿಕ್ಟ್‌ನ ಪಾದ್ರಿ. ಕೆರೆಕಣಿವೆಗಳಿಗೆ ರೈಲು ಹಾಕುವುದನ್ನು ವಿರೋಧಿಸಿ ಹೆಸರಾದವರು. ಮೂವರ ಜಗಳವೂ ಭೂಮಿಯ ಒಡೆಯರ ಜೊತೆಗೇ ಇತ್ತು. ಟ್ರಸ್ಟಿಗೆ ಸಿಕ್ಕ ಮೊದಲ ಆಸ್ತಿ ವೇಲ್ಸ್‌ನ ಬಾರ್ಮತ್ ಊರಿನ ಮೇಲಿರುವ ನಾಲ್ಕೂವರೆ ಎಕರೆ ಗುಡ್ಡ, ಡಿನಾಸ್ ಓಲೈ. ಕೊಂಡ ಮೊದಲ ಕಟ್ಟಡ ಸಸೆಕ್ಸ್‌ನ ಆಲ್ಫ್ರಿಸ್ಟನ್‌ನಲ್ಲಿ ಬೀಳುವ ಸ್ಥಿತಿಯಲ್ಲಿದ್ದ ಹುಲ್ಲುಮಾಡಿನ ಪಾದ್ರಿಮನೆ. 1896ರಲ್ಲಿ ಅದಕ್ಕೆ ಕೊಟ್ಟ ಬೆಲೆ 10 ಪೌಂಡು. 1899ರಲ್ಲಿ ವಿಕನ್ ಫೆನ್ ಎಂಬ ಜೌಗುಭೂಮಿಯ ತುಂಡು. 1902ರಲ್ಲಿ ಡರ್ವೆಂಟ್‌ವಾಟರ್ ಸರೋವರದ ದಂಡೆಯ ಬ್ರಾಂಡಲ್‌ಹೌ ಕಾಡು, ಅದೂ ಸಾರ್ವಜನಿಕ ಚಂದಾ ಎತ್ತಿ ಕೊಂಡದ್ದು. ಈ ಪಟ್ಟಿಯಲ್ಲಿ ಲಾರ್ಡುಗಳ ಒಂದು ಬಂಗಲೆಯೂ ಇಲ್ಲ.

ಮೊದಲ ದೊಡ್ಡ ಬಂಗಲೆ ಬಂದದ್ದು 1907ರಲ್ಲಿ, ಸಾಮರ್ಸೆಟ್‌ನ ಬ್ಯಾರಿಂಗ್ಟನ್ ಕೋರ್ಟ್. ಅದರ ದುರಸ್ತಿಯ ಖರ್ಚು ನೋಡಿ ಟ್ರಸ್ಟ್ ಸುಸ್ತಾಯಿತು. ಕೊನೆಗೆ ಆ ಮನೆಯನ್ನು ಗುತ್ತಿಗೆ ಹಿಡಿದು ಎತ್ತಿ ನಿಲ್ಲಿಸಿದವರು ಸಕ್ಕರೆ ಕಾರ್ಖಾನೆಯ ಲೈಲ್ ಮನೆತನದವರು. (ಸಕ್ಕರೆ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.) ಆ ಅನುಭವದ ನಂತರ ಬಹಳ ಕಾಲ ಬಂಗಲೆ ಎಂದರೆ ಟ್ರಸ್ಟ್ ಮಾರುದೂರ ನಿಲ್ಲುತ್ತಿತ್ತು.

ಬಂಗಲೆಗಳ ಭಂಡಾರವಾಗಿ ಅದು ಬದಲಾದದ್ದು 1930ರ ದಶಕದ ಕೊನೆಗೆ, ಮತ್ತು ಅದನ್ನು ಬದಲಿಸಿದ್ದು ರಾಜಕೀಯವೇ. ಒಡೆಯ ಸತ್ತಾಗ ಆಸ್ತಿಯ ಮೇಲೆ ಬೀಳುತ್ತಿದ್ದ ಮರಣ ತೆರಿಗೆ ಏರುತ್ತಾ ಹೋಗಿ ಶ್ರೀಮಂತ ಮನೆತನಗಳು ಕಂಗಾಲಾಗಿದ್ದವು. 1934ರಲ್ಲಿ ಲಾರ್ಡ್ ಲೋಥಿಯನ್ ಟ್ರಸ್ಟಿನ ಸಭೆಯಲ್ಲಿ ನಿಂತು ಈ ಮನೆಗಳನ್ನು ಉಳಿಸುವ ದಾರಿ ಹುಡುಕಿ ಎಂದರು. 1937 ಮತ್ತು 1939ರಲ್ಲಿ ಪಾರ್ಲಿಮೆಂಟು ಅದಕ್ಕಾಗಿಯೇ ಕಾಯ್ದೆ ಮಾಡಿತು. ಮನೆಯನ್ನೂ ಅದರ ಖರ್ಚಿಗೆ ಒಂದು ಇಡುಗಂಟನ್ನೂ ಟ್ರಸ್ಟಿಗೆ ಬರೆದುಕೊಟ್ಟರೆ ತೆರಿಗೆ ಮಾಫಿ. ವರ್ಷದಲ್ಲಿ ಇಂತಿಷ್ಟು ದಿನ ಸಾರ್ವಜನಿಕರಿಗೆ ಬಾಗಿಲು ತೆರೆದರೆ ಮನೆತನದವರು ಅಲ್ಲೇ ಇರಬಹುದು. ಜೇಮ್ಸ್ ಲೀಸ್-ಮಿಲ್ನ್ ಎಂಬ ಕಾರ್ಯದರ್ಶಿ ಊರೂರು ಅಲೆದು ಹಣ್ಣುಹಣ್ಣು ಲಾರ್ಡುಗಳನ್ನು ಒಪ್ಪಿಸಿದ. ಲೋಥಿಯನ್ ತನ್ನದೇ ಬ್ಲಿಕ್ಲಿಂಗ್ ಹಾಲ್ ಅನ್ನು 1940ರಲ್ಲಿ ಉಯಿಲಿನ ಮೂಲಕ ಬಿಟ್ಟುಹೋದರು. 1946ರಲ್ಲಿ ಲೇಬರ್ ಪಕ್ಷದ ಹಣಕಾಸು ಸಚಿವ ಹ್ಯೂ ಡಾಲ್ಟನ್ ಇಂಥ ಆಸ್ತಿಗಳನ್ನು ದೇಶಕ್ಕೆ ಉಳಿಸಿಕೊಳ್ಳಲು 5 ಕೋಟಿ ಪೌಂಡುಗಳ ನಿಧಿ ಸ್ಥಾಪಿಸಿದರು.

ಬಿಟ್ಟುಕೊಟ್ಟ ಆ ತೆರಿಗೆ ಯಾರದು? ಸಾರ್ವಜನಿಕರದು. ಮನೆ ಕೊಟ್ಟವರಲ್ಲಿ ಉದಾರಿಗಳಿದ್ದರು, ನಿಜ. ಆದರೆ ಸರ್ಕಾರಕ್ಕೆ ಸಲ್ಲಬೇಕಾದ ಬಾಕಿಯ ಲೆಕ್ಕದಲ್ಲಿ ಕೈಬದಲಾದ ಮನೆಯ ಬಗ್ಗೆ ಸಾರ್ವಜನಿಕರು ಒಂದು ಪ್ರಶ್ನೆಯನ್ನೂ ಕೇಳಬಾರದು ಎನ್ನುವುದು ಯಾವ ನ್ಯಾಯ? ರಾಜಕೀಯದಿಂದಲೇ ಉಳಿದ ಮನೆಗಳೊಳಗೆ ರಾಜಕೀಯ ಬೇಡ ಎನ್ನುವವರು ತಮಗೆ ಒಗ್ಗಿಹೋದ ರಾಜಕೀಯಕ್ಕೆ ಸಂಪ್ರದಾಯ ಎಂದು ಹೆಸರಿಟ್ಟುಕೊಂಡಿದ್ದಾರೆ, ಅಷ್ಟೇ.

ಈಗ ಎಲ್ಲ ಸಿಟ್ಟಿನ ಮೂಲಕ್ಕೆ ಬರೋಣ. 2020ರ ಸೆಪ್ಟೆಂಬರಿನಲ್ಲಿ ಟ್ರಸ್ಟ್ ನೂರಕ್ಕೂ ಹೆಚ್ಚು ಪುಟಗಳ ಒಂದು ವರದಿ ಹೊರತಂದಿತು. ತನ್ನ ಆಸ್ತಿಗಳಲ್ಲಿ ಯಾವುದಕ್ಕೆ ವಸಾಹತುಶಾಹಿಯ, ಗುಲಾಮ ವ್ಯಾಪಾರದ ನಂಟಿದೆ ಎಂದು ಪಟ್ಟಿ ಮಾಡಿದ ವರದಿ ಅದು. ಅಂಥ 93 ಜಾಗಗಳು ಅದರಲ್ಲಿದ್ದವು. 1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡುವ ಕಾಯ್ದೆ ತಂದಾಗ 2 ಕೋಟಿ ಪೌಂಡು ಪರಿಹಾರ ಕೊಟ್ಟಿತ್ತು. ಕೊಟ್ಟದ್ದು ಗುಲಾಮರಿಗಲ್ಲ, ಅವರ ಒಡೆಯರಿಗೆ. ಆ ಪರಿಹಾರದ ನಂಟಿರುವ ಆಸ್ತಿಗಳು 29. ಇದಕ್ಕಾಗಿ ಸರ್ಕಾರ ಎತ್ತಿದ ಸಾಲದ ಕೊನೆಯ ಕಂತು ತೀರಿದ್ದು 2015ರಲ್ಲಿ. ‘ಎಂದೋ ಮುಗಿದ ಕಥೆ’ ಎನ್ನುವವರ ತಂದೆತಾಯಿಯರ, ಅವರದೇ ಸಂಬಳದ ತೆರಿಗೆಯೂ ಅದಕ್ಕೆ ಸಂದಿದೆ.

ವರದಿಯಲ್ಲಿ ಯಾವ ಮನೆಯನ್ನೂ ಕೆಡವಿ ಎಂದಿರಲಿಲ್ಲ, ಯಾರನ್ನೂ ಕ್ಷಮೆ ಕೇಳಿ ಎಂದಿರಲಿಲ್ಲ. ಆದರೆ ಪಟ್ಟಿಯಲ್ಲಿ ಚಾರ್ಟ್‌ವೆಲ್ ಇತ್ತು. ಚರ್ಚಿಲ್ ಮನೆ! ಚರ್ಚಿಲ್ ವಸಾಹತು ಖಾತೆಯ ಮಂತ್ರಿಯಾಗಿದ್ದರು, 1935ರ ಭಾರತ ಸರ್ಕಾರ ಕಾಯ್ದೆಯನ್ನು ವಿರೋಧಿಸಿದ್ದರು, 1943ರ ಬಂಗಾಳದ ಬರಗಾಲದ ಹೊತ್ತಿಗೆ ಪ್ರಧಾನಿಯಾಗಿದ್ದರು ಎಂಬ ಮೂರು ಮಾತು ಅಲ್ಲಿದ್ದವು. ಮೂರಕ್ಕೆ ಮೂರೂ ಶಾಲಾ ಪುಸ್ತಕದ ಸಂಗತಿಗಳು. ಅಷ್ಟಕ್ಕೇ ಸಂಸ್ಕೃತಿ ಸಚಿವ ಆಲಿವರ್ ಡೌಡನ್ ಬೇಸರ ವ್ಯಕ್ತಪಡಿಸಿದರು. ಕನ್ಸರ್ವೇಟಿವ್ ಸಂಸದರ ಗುಂಪೊಂದು ಪತ್ರಿಕೆಗೆ ಜಂಟಿ ಪತ್ರ ಬರೆಯಿತು. ವರದಿಯ ಸಂಪಾದಕರಲ್ಲೊಬ್ಬರಾದ ಪ್ರಾಧ್ಯಾಪಕಿ ಕಾರಿನ್ ಫೌಲರ್ ಅವರಿಗೆ ಬೆದರಿಕೆಗಳು ಬಂದವು. ದತ್ತಿ ಸಂಸ್ಥೆಗಳ ಮೇಲ್ವಿಚಾರಣೆ ನಡೆಸುವ ಚಾರಿಟಿ ಕಮಿಷನ್‌ಗೂ ದೂರು ಹೋಯಿತು. ತನ್ನ ಉದ್ದೇಶಗಳ ಮಿತಿಯೊಳಗೇ ಟ್ರಸ್ಟ್ ನಡೆದುಕೊಂಡಿದೆ, ಕ್ರಮಕ್ಕೆ ಕಾರಣವಿಲ್ಲ ಎಂದು 2021ರ ಮಾರ್ಚಿನಲ್ಲಿ ಕಮಿಷನ್ ಹೇಳಿತು. ಕಾನೂನಿನ ಮಟ್ಟಿಗೆ ವಾದ ಅಲ್ಲಿಗೆ ಮುಗಿಯಿತು, ಕೂಗು ಮುಗಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ದೇಶದಲ್ಲೂ ಇದ್ದಾರೆ.

‘ಮನೆ ಮಾತ್ರ ಕಾಯಿರಿ’ ಎಂಬ ವಾದ ಎಲ್ಲಿ ಮುರಿದು ಬೀಳುತ್ತದೆ ಎಂದು ನೋಡಲು ಒಂದು ಮನೆಯೊಳಗೆ ಹೋದರೆ ಸಾಕು. ಕನ್ನಡಿಗರು ನೋಡಲೇಬೇಕಾದ ಮನೆ ಅದು.

ವೇಲ್ಸ್‌ನ ವೆಲ್ಶ್‌ಪೂಲ್ ಊರಿನ ಪಕ್ಕದಲ್ಲಿ ಕೆಂಪು ಕಲ್ಲಿನ ಪೋವಿಸ್ ಕೋಟೆಯಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ಮೋಡದ ಆಕಾರಕ್ಕೆ ಕತ್ತರಿಸಿದ ಬೃಹತ್ ಯೂ ಮರಗಳು. 1952ರಲ್ಲಿ ಇದು ಟ್ರಸ್ಟಿಗೆ ಬಂತು. ಒಳಗೆ 1987ರಿಂದ ಕ್ಲೈವ್ ಸಂಗ್ರಹದ ಕೋಣೆಯಿದೆ. ಅಲ್ಲಿಯ ಗಾಜಿನ ಪೆಟ್ಟಿಗೆಯೊಂದರಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಚಿನ್ನದ ಹುಲಿತಲೆ. ಮಾಣಿಕ್ಯ, ವಜ್ರ, ಪಚ್ಚೆಗಳನ್ನು ಕೂರಿಸಿದ್ದಾರೆ. ಬಾಯಿ ತೆರೆದಿದೆ, ಹಲ್ಲು ಕಾಣುತ್ತದೆ. ಅದು ಟಿಪ್ಪು ಸುಲ್ತಾನನ ಸಿಂಹಾಸನದ ಕಟಾಂಜನದ ಮೇಲೆ ಸಾಲಾಗಿ ಕೂತಿದ್ದ ಎಂಟು ಪುಟ್ಟ ಹುಲಿತಲೆಗಳಲ್ಲಿ ಒಂದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆ ರಾತ್ರಿ ಸೈನಿಕರು ಊರು ದೋಚಿದರು. ಉಳಿದದ್ದನ್ನು ಲೂಟಿ ಹಂಚುವುದಕ್ಕೆಂದೇ ನೇಮಕವಾಗಿದ್ದ ಅಧಿಕಾರಿಗಳು ಲೆಕ್ಕ ಹಾಕಿ ಪಾಲು ಮಾಡಿದರು. ಚಿನ್ನದ ತಗಡು ಹೊದಿಸಿದ ಸಿಂಹಾಸನವನ್ನು ಇಡಿಯಾಗಿ ಹಂಚಲಾಗದೆ ಒಡೆದು ಚೂರು ಮಾಡಿದರು. ಅದನ್ನು ಇಡಿಯಾಗಿಯೇ ರಾಜನಿಗೆ ಕಳಿಸಬೇಕೆಂದಿದ್ದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಇದರಿಂದ ಸಿಟ್ಟೇ ಬಂತು. ಸಿಂಹಾಸನದ ದೊಡ್ಡ ಹುಲಿತಲೆಯೂ ಅದರ ಛತ್ರದ ಮೇಲಿದ್ದ ಹುಮಾ ಎಂಬ ಹಕ್ಕಿಯೂ ಇವತ್ತು ವಿಂಡ್ಸರ್‌ನ ರಾಜಸಂಗ್ರಹದಲ್ಲಿವೆ. ಇನ್ನೊಂದು ಪುಟ್ಟ ತಲೆ 2021ರಲ್ಲಿ ಮಾರಾಟಕ್ಕೆ ಬಂದಾಗ, 15 ಲಕ್ಷ ಪೌಂಡು ಬೆಲೆಯ ಈ ವಸ್ತು ದೇಶ ಬಿಟ್ಟು ಹೋಗಬಾರದು ಎಂದು ಬ್ರಿಟಿಷ್ ಸರ್ಕಾರ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಯಾವ ದೇಶ ಬಿಟ್ಟು ಎಂದು ಕೇಳಬೇಕೆನಿಸಿದರೆ ಅದು ಓದುಗರ ತಪ್ಪಲ್ಲ.

ಪೋವಿಸ್‌ನ ಹುಲಿತಲೆ ವೆಲ್ಲೆಸ್ಲಿಯ ಉಡುಗೊರೆ. ಪಡೆದವಳು ಹೆನ್ರಿಯೆಟಾ ಕ್ಲೈವ್: ಪ್ಲಾಸಿಯ ರಾಬರ್ಟ್ ಕ್ಲೈವನ ಸೊಸೆ, ಆಗ ಮದರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವನ ಹೆಂಡತಿ. ಅವಳು ಹುಟ್ಟಿದ್ದು ಪೋವಿಸ್‌ನ ಹರ್ಬರ್ಟ್ ಮನೆತನದಲ್ಲಿ. ಮನೆತನಕ್ಕೆ ಹೆಸರಿತ್ತು, ಮೈತುಂಬ ಸಾಲವೂ ಇತ್ತು. ಕ್ಲೈವ್‌ಗಳ ಬಳಿ ಬಂಗಾಳದ ದುಡ್ಡಿತ್ತು. 1784ರ ಮದುವೆಯಲ್ಲಿ ಎರಡೂ ಕೂಡಿಕೊಂಡವು. 1800ರಲ್ಲಿ ಹೆನ್ರಿಯೆಟಾ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮದರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣಗಳಿಗೆ ತಿಂಗಳುಗಟ್ಟಲೆ ಪ್ರವಾಸ ಬಂದಳು. ಹನ್ನೆರಡರ ಹರೆಯದ ಮಗಳು ಷಾರ್ಲೆಟ್ ದಿನಚರಿ ಬರೆದಳು. (ಮುಂದೆ ಈಕೆ ರಾಜಕುಮಾರಿ ವಿಕ್ಟೋರಿಯಾಳ ಶಿಕ್ಷಕಿಯಾದಳು, ಕುಂಡದಲ್ಲಿ ಬೆಳೆಸುವ ಕ್ಲಿವಿಯಾ ಹೂಗಿಡಕ್ಕೆ ಇವಳದೇ ತವರಿನ ಹೆಸರು.) ಜೊತೆಗಿದ್ದ ಇಟಲಿಯ ಚಿತ್ರಗಾರ್ತಿ ಆನ್ನಾ ಟೊನೆಲ್ಲಿ ಟಿಪ್ಪು ಸಿಂಹಾಸನದ ಮೇಲೆ ಕೂತ ಚಿತ್ರ ಬರೆದಳು. ಆ ಹೊತ್ತಿಗೆ ಟಿಪ್ಪುವೂ ಇರಲಿಲ್ಲ, ಸಿಂಹಾಸನವೂ ಇರಲಿಲ್ಲ.

ಟಿಪ್ಪುವಿನ ಡೇರೆಯೂ ಪೋವಿಸ್‌ಗೇ ಹೋಯಿತು. ಬಿಳಿ ಹತ್ತಿಬಟ್ಟೆಯ ಮೇಲೆ ಕಮಾನು ಕಮಾನಿಗೆ ಹೂದಾನಿ, ಅದರಿಂದ ಚಿಮ್ಮಿದ ಕೆಂಪು ಹೂಗೊಂಚಲು, ಹಸಿರೆಲೆ. ಅಷ್ಟು ಸೂಕ್ಷ್ಮವಾದ ಕೆಲಸದ ಆ ಡೇರೆಯನ್ನು ಕೋಟೆಯ ಹುಲ್ಲುಹಾಸಿನಲ್ಲಿ ಎತ್ತಿ ಕಟ್ಟಿ ಅದರಡಿ ಮನೆಯವರು ಗಾರ್ಡನ್ ಪಾರ್ಟಿ ಮಾಡುತ್ತಿದ್ದರು.

ಈಗ ಹೇಳಿ, ಈ ಹುಲಿತಲೆಯ ಮುಂದೆ ನಿಂತು ‘ಕಾಯಿರಿ, ಕೇಳಬೇಡಿ’ ಎನ್ನುವುದಕ್ಕೆ ಏನರ್ಥ? ಅದೊಂದು ಮುರಿದ ತುಂಡು. ಮುರಿದದ್ದೇ ಅದರ ಕಥೆ. ‘ಚಿನ್ನ, ಮಾಣಿಕ್ಯ, ದಕ್ಷಿಣ ಭಾರತ, 18ನೇ ಶತಮಾನ’ ಎಂದು ಚೀಟಿ ಅಂಟಿಸಿ ಸುಮ್ಮನಾದರೆ ಕಾಪಾಡಿದ್ದು ಲೋಹವನ್ನು, ವಸ್ತುವನ್ನಲ್ಲ. ಎಲ್ಲಿಂದ ಬಂತು, ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂದು ಬರೆದಿಡುವುದು ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದವರು ಕಲಿಯುವ ಮೊದಲ ಪಾಠ. ಉಂಡ ಮನೆಯ ಜಂತೆ ಎಣಿಸುತ್ತಾರೆ ಎಂದು ಟ್ರಸ್ಟನ್ನು ಬೈಯುವವರು ಒಂದು ಮರೆತಿದ್ದಾರೆ: ಜಂತೆ ಎಣಿಸುವುದೇ ಅದರ ಕಸುಬು.

ಇವತ್ತಿನ ಕಣ್ಣಿಂದ ಅಂದಿನವರನ್ನು ಅಳೆಯುತ್ತಿದ್ದೀರಿ ಎಂಬ ತಕರಾರೂ ಇದೆ. ಅಂದಿನವರ ಕಣ್ಣು ಏನು ಕಂಡಿತ್ತು? ರಾಬರ್ಟ್ ಕ್ಲೈವನ ಸಂಪತ್ತಿನ ಬಗ್ಗೆ ವಿಚಾರಣೆ ನಡೆಸಿದ್ದು ಬ್ರಿಟಿಷ್ ಪಾರ್ಲಿಮೆಂಟೇ, 1770ರ ದಶಕದ ಆರಂಭದಲ್ಲಿ. ಭಾರತದಿಂದ ದುಡ್ಡು ಹೊತ್ತು ತಂದು ಬಂಗಲೆ ಕೊಳ್ಳುವವರನ್ನು ‘ನವಾಬರು’ ಎಂದು ಗೇಲಿ ಮಾಡುವ ಸ್ಯಾಮ್ಯುಯೆಲ್ ಫುಟ್‌ನ ನಾಟಕ ಲಂಡನ್ನಿನಲ್ಲಿ 1772ರಲ್ಲೇ ಪ್ರದರ್ಶನ ಕಂಡಿತ್ತು. ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ ಕಾದಂಬರಿ 1868ರದು. ಇಂಗ್ಲಿಷ್ ಓದುಗರು ಮುಗಿಬಿದ್ದು ಓದಿದ ಆ ಪತ್ತೇದಾರಿ ಕಥೆ ಶುರುವಾಗುವುದೇ ಶ್ರೀರಂಗಪಟ್ಟಣದ ಲೂಟಿಯಿಂದ. 2020ರ ವರದಿ ಹೊಸದಾಗಿ ಯಾವ ಗುಟ್ಟನ್ನೂ ಬಿಚ್ಚಲಿಲ್ಲ. ಅಜ್ಜಂದಿರಿಗೆ ಗೊತ್ತಿದ್ದು ಮೊಮ್ಮಕ್ಕಳು ಮರೆತದ್ದನ್ನು ನೆನಪಿಸಿತು. ಇತಿಹಾಸ ತಿದ್ದಿದವರು ಯಾರಾದರೂ ಇದ್ದರೆ ಅದು ನಡುವೆ ಬಂದು ಆ ಪುಟಗಳನ್ನು ಮಡಿಚಿಟ್ಟವರು.

‘ಮನೆ ಬಿಡಿ, ನಿಸರ್ಗದಲ್ಲಾದರೂ ನೆಮ್ಮದಿಯಾಗಿ ಓಡಾಡಲು ಬಿಡಿ’ ಎನ್ನುವವರನ್ನು ಡರ್ಬಿಶೈರ್‌ನ ಕೆಡಲ್‌ಸ್ಟನ್ ಹಾಲ್‌ಗೆ ಕರೆದುಕೊಂಡು ಹೋಗಬೇಕು. ಉದ್ದಕ್ಕೂ ಹುಲ್ಲು, ಕೆರೆ, ಸೇತುವೆ, ದೂರದಲ್ಲಿ ಮರಗಳ ಗುಂಪು. ಎಲ್ಲ ದೇವರೇ ಮಾಡಿಟ್ಟಂತಿದೆ. 18ನೇ ಶತಮಾನದ ನಡುವಿನಲ್ಲಿ ನಥಾನಿಯಲ್ ಕರ್ಜನ್ ಈ ಅರಮನೆ ಕಟ್ಟಿಸುವಾಗ ನೋಟಕ್ಕೆ ಅಡ್ಡವಾಗುತ್ತದೆಂದು ಕೆಡಲ್‌ಸ್ಟನ್ ಹಳ್ಳಿಯನ್ನೇ ಎತ್ತಂಗಡಿ ಮಾಡಿದ, ಹೆದ್ದಾರಿಯನ್ನೂ ಸರಿಸಿದ. ಹಳ್ಳಿಯ ಹಳೇ ಚರ್ಚು ಮಾತ್ರ ಅರಮನೆಯ ಮಗ್ಗುಲಿಗೇ ಉಳಿದಿದೆ. ಚರ್ಚಿದೆ, ಊರಿಲ್ಲ. ಆ ನಿಸರ್ಗ ಸೌಂದರ್ಯದಲ್ಲಿ ಒಂದು ಹಳ್ಳಿಯ ಗೈರುಹಾಜರಿಯೂ ಸೇರಿದೆ, ಮತ್ತು ಎತ್ತಂಗಡಿಯಾದವರು ಭಾರತೀಯರಲ್ಲ, ಆಫ್ರಿಕನ್ನರಲ್ಲ, ಅಪ್ಪಟ ಇಂಗ್ಲಿಷ್ ರೈತರು.

ಇದೇ ಮನೆಯ ಮಾದರಿಯಲ್ಲಿ ವೆಲ್ಲೆಸ್ಲಿ 1799ರಿಂದ 1803ರ ನಡುವೆ ಕಲ್ಕತ್ತಾದ ಗವರ್ನ್‌ಮೆಂಟ್ ಹೌಸ್ ಕಟ್ಟಿಸಿದ. ಹೌದು, ಹುಲಿತಲೆ ಉಡುಗೊರೆ ಕೊಟ್ಟ ಅದೇ ವೆಲ್ಲೆಸ್ಲಿ. ಸುಮಾರು ನೂರು ವರ್ಷದ ಬಳಿಕ ಆ ಮನೆಗೆ ವೈಸರಾಯಾಗಿ ಬಂದವನು ಕೆಡಲ್‌ಸ್ಟನ್‌ನಲ್ಲಿ ಹುಟ್ಟಿದ ಜಾರ್ಜ್ ಕರ್ಜನ್. 1905ರಲ್ಲಿ ಬಂಗಾಳ ಒಡೆದವನು ಅವನೇ. 1904ರಲ್ಲಿ ಭಾರತದ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕಾಯ್ದೆ ತಂದವನೂ ಅವನೇ. ಊರಿಗೆ ಮರಳಿದ ಮೇಲೆ ಟ್ಯಾಟರ್‌ಷಲ್ ಕೋಟೆಯ ಒಲೆಗೂಡುಗಳನ್ನು ಕಿತ್ತು ಮಾರಿದ್ದನ್ನು ಕೇಳಿ ಕೋಟೆಯನ್ನೇ ಕೊಂಡ, ಒಲೆಗೂಡುಗಳನ್ನು ಬಿಡಿಸಿ ತಂದ. ಅದನ್ನೂ ಬೋಡಿಯಂ ಕೋಟೆಯನ್ನೂ 1925ರಲ್ಲಿ ಉಯಿಲಿನಲ್ಲಿ ಟ್ರಸ್ಟಿಗೇ ಬಿಟ್ಟ. ಹಳೆಯದನ್ನು ಉಳಿಸುವ ಹಂಬಲವೂ ಆಳುವ ದರ್ಪವೂ ಒಂದೇ ಮನುಷ್ಯನಲ್ಲಿ ಒಟ್ಟಿಗಿದ್ದವು. ಕರ್ಜನ್‌ನ ಈ ಇಡೀ ಚಿತ್ರ ಎಷ್ಟು ರೋಚಕ! ಅದನ್ನು ಅರ್ಧಕ್ಕೆ ಕತ್ತರಿಸಿ ‘ಪರಂಪರೆಯ ಪ್ರೇಮಿ’ ಎಂದಷ್ಟೇ ತೋರಿಸಿದರೆ ನಷ್ಟ ಅವನ ಅಭಿಮಾನಿಗಳಿಗೇ.

ವೇಲ್ಸ್‌ನ ಉತ್ತರಕ್ಕಿರುವ ಪೆನ್ರಿನ್ ಕೋಟೆಯ ಮಾತು ಸ್ವಲ್ಪ ಬೇರೆ. ಅದು ಜಮೈಕಾದ ಕಬ್ಬಿನ ತೋಟಗಳ ಮತ್ತು ವೇಲ್ಸ್‌ನ ಹಂಚುಕಲ್ಲಿನ ಗಣಿಗಳ ದುಡ್ಡಿನಲ್ಲಿ ಎದ್ದದ್ದು. ಮನೆತನದ ರಿಚರ್ಡ್ ಪೆನಂಟ್ ಪಾರ್ಲಿಮೆಂಟಿನಲ್ಲಿ ಗುಲಾಮ ವ್ಯಾಪಾರದ ಪರ ವಾದಿಸಿದವನು. ಅವನ ಉತ್ತರಾಧಿಕಾರಿಗೆ 764 ಗುಲಾಮರ ಲೆಕ್ಕದಲ್ಲಿ 14,683 ಪೌಂಡು ಪರಿಹಾರ ಸಿಕ್ಕಿತು. ಗಣಿಯಲ್ಲಿ 1900ರಿಂದ 1903ರವರೆಗೆ ನಡೆದ ಮುಷ್ಕರ ಬ್ರಿಟನ್ನಿನ ಅತಿ ದೀರ್ಘ ಕಾರ್ಮಿಕ ಹೋರಾಟಗಳಲ್ಲಿ ಒಂದು. ಮುಷ್ಕರಕ್ಕೆ ನಿಂತವರ ಕಿಟಕಿಗಳಲ್ಲಿ ‘ಈ ಮನೆಯಲ್ಲಿ ದ್ರೋಹಿ ಇಲ್ಲ’ ಎಂಬ ವೆಲ್ಶ್ ಭಾಷೆಯ ಕಾಗದ ತೂಗುತ್ತಿತ್ತು. ಪಕ್ಕದ ಬೆಥೆಸ್ಡಾ ಊರಿನ ಕೆಲವು ಕುಟುಂಬಗಳವರು ತಲೆಮಾರುಗಳಾದರೂ ಕೋಟೆಯ ಹೊಸಿಲು ತುಳಿಯುವುದಿಲ್ಲ. ಆ ಊರಿನವರಿಗೆ ‘ಮನೆ ನೋಡಿ, ಚಹಾ ಕುಡಿದು ಹೋಗಿ’ ಎಂದು ಹೇಳಿ ನೋಡಲಿ. ಮನೆಮೂಲ ಮರೆಯಲು ಸಲೀಸಾಗುವುದು ಅದರ ಬಿಸಿ ತಾಗದವರಿಗೆ ಮಾತ್ರ.

ಹಾಗೆಂದು ಟ್ರಸ್ಟ್ ಎಡವಿಲ್ಲವೆಂದಲ್ಲ. ಆ ವರದಿ ಅವಸರದ ಅಡುಗೆ. ಜಮೈಕಾದ ತೋಟದ ಒಡೆಯನನ್ನೂ, ಅಣ್ಣನೋ ತಮ್ಮನೋ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದ ಎಂಬಷ್ಟೇ ನಂಟಿನವರನ್ನೂ ಒಂದೇ ಪಟ್ಟಿಯಲ್ಲಿ ಸಾಲಾಗಿ ನಿಲ್ಲಿಸಿತು. ಕವಿ ವರ್ಡ್ಸ್‌ವರ್ತ್ ಕೆಲಕಾಲ ಬಾಡಿಗೆಗಿದ್ದ ಆಲನ್ ಬ್ಯಾಂಕ್ ಮನೆ ಪಟ್ಟಿಗೆ ಸೇರಿದ್ದು, ಅವನ ತಮ್ಮ ಜಾನ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಕಪ್ತಾನನಾಗಿದ್ದ ಎಂಬ ಕಾರಣಕ್ಕೆ. 1805ರಲ್ಲಿ ಆ ಹಡಗು ಮುಳುಗಿ ಜಾನ್ ಸತ್ತ. ಹೇಳಬಹುದಾದ ಕಥೆಯೇ, ಆದರೆ ಪೆನ್ರಿನ್‌ನ ಪಕ್ಕದಲ್ಲಿಟ್ಟು ಹೇಳುವ ಕಥೆಯಲ್ಲ. ತೂಕ ಬೇರೆ ಬೇರೆ ಎಂದು ಹೇಳದ ತಕ್ಕಡಿಯನ್ನು ಎದುರಾಳಿಗಳು ಗೇಲಿ ಮಾಡಿದರೆ ಅವರನ್ನು ದೂರಿ ಫಲವಿಲ್ಲ. ಗದ್ದಲವಾದ ಮೇಲೆ ಟ್ರಸ್ಟಿನ ಮಾತಿನಲ್ಲಿ ಅಳುಕು ಬಂದದ್ದು ಇನ್ನೂ ದೊಡ್ಡ ತಪ್ಪು. ತಪ್ಪಿದ್ದಲ್ಲಿ ತಿದ್ದಿ, ಸರಿಯಿದ್ದಲ್ಲಿ ಗಟ್ಟಿಯಾಗಿ ನಿಲ್ಲಬೇಕಿತ್ತು.

ಸರ‍್ರೆಯ ಕ್ಲಾಂಡನ್ ಪಾರ್ಕ್ ವಿಷಯದಲ್ಲಿ ಅದು ನಿಂತಿತು ಎನ್ನಬೇಕು. 2015ರ ಏಪ್ರಿಲ್‌ನಲ್ಲಿ ವಿದ್ಯುತ್ ದೋಷದಿಂದ ಬೆಂಕಿ ಬಿದ್ದು ಆ ಅರಮನೆ ಬರೀ ಗೋಡೆಗಳಾಗಿ ಉಳಿಯಿತು. ಮೊದಲಿದ್ದ ಹಾಗೇ ಕಟ್ಟಿ ಎಂದರು ವಿಮರ್ಶಕರು. ಸುಟ್ಟ ಗೋಡೆ, ಇಟ್ಟಿಗೆ, ತೊಲೆಯ ಗುರುತುಗಳನ್ನು ಹಾಗೆಯೇ ಉಳಿಸಿ, ಮಾಡು ಹೊದಿಸಿ, ಮನೆ ಹೇಗೆ ಕಟ್ಟಿದ್ದರು ಎಂಬುದನ್ನು ಜನ ಒಳಹೊಕ್ಕು ನೋಡುವಂತೆ ಮಾಡುತ್ತೇವೆ ಎಂದು 2022ರಲ್ಲಿ ಟ್ರಸ್ಟ್ ತೀರ್ಮಾನಿಸಿತು. ಅಂದಹಾಗೆ ಆ ಮನೆ ಕಟ್ಟಿಸಿದ ಆನ್‌ಸ್ಲೋ ಮನೆತನಕ್ಕೆ ದುಡ್ಡು ತಂದದ್ದು ಜಮೈಕಾದ ತೋಟಗಳ ವಾರಸುದಾರ್ತಿಯಾಗಿದ್ದ ಸೊಸೆ. ಮತ್ತೆ ಸಕ್ಕರೆ.

ಇಷ್ಟೆಲ್ಲ ಓದಿ ಖುಷಿಪಡುವ ಕನ್ನಡ ಓದುಗರೂ ಸ್ವಲ್ಪ ತಡೆಯಬೇಕು. ಟಿಪ್ಪು ವೀರನೋ ಕ್ರೂರಿಯೋ ಎಂಬ ಜಗಳದಲ್ಲಿ ನಮ್ಮಲ್ಲಿ 2015ರಲ್ಲಿ ಸರ್ಕಾರಿ ಜಯಂತಿ ಶುರುವಾಗಿ 2019ರಲ್ಲಿ ನಿಂತುಹೋಯಿತು. ಅವನ ಸಿಂಹಾಸನ ಒಡೆದವರಾರು, ತುಂಡುಗಳು ಎಲ್ಲಿವೆ ಎಂಬ ಪ್ರಶ್ನೆಗೆ ಆ ಜಗಳದ ತೀರ್ಪು ಬೇಕಾಗಿಲ್ಲ. ಆದರೂ ಅದನ್ನು ಕೇಳಿದ ಕೂಡಲೇ ನಮ್ಮವರು ‘ನೀವು ಯಾವ ಕಡೆ’ ಎನ್ನುತ್ತಾರೆ. ನಮ್ಮ ಅರಮನೆ, ದೇವಸ್ಥಾನಗಳಲ್ಲಿ ಗೈಡುಗಳು ರಾಜನ ಹೆಸರು, ಇಸವಿ, ಕಂಬಗಳ ಸಂಖ್ಯೆ ಹೇಳುತ್ತಾರೆ. ಕಲ್ಲು ಹೊತ್ತವರು ಯಾರು, ಬಿಟ್ಟಿ ದುಡಿಸಿದರೋ ಕೂಲಿ ಕೊಟ್ಟರೋ ಎಂದು ಕೇಳಿದರೆ ಮುಂದಿನ ಕಂಬಕ್ಕೆ ನಡೆಯುತ್ತಾರೆ. ಪೋವಿಸ್‌ನ ಹುಲಿತಲೆಯ ಬಗ್ಗೆ ಬ್ರಿಟಿಷರನ್ನು ಕೇಳುವ ಪ್ರಶ್ನೆಯನ್ನು ಇಲ್ಲಿಯೂ ಕೇಳಲು ತಯಾರಿರಬೇಕು.

ನ್ಯಾಷನಲ್ ಟ್ರಸ್ಟಿಗೆ 50 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಅದರ ಆಡಳಿತ ಮಂಡಳಿಯ ಮೇಲೆ ಕಣ್ಣಿಡುವ ಕೌನ್ಸಿಲ್‌ನ 36 ಸ್ಥಾನಗಳಲ್ಲಿ ಅರ್ಧಕ್ಕೆ ಸದಸ್ಯರೇ ಮತ ಹಾಕಿ ಆರಿಸುತ್ತಾರೆ. ರೆಸ್ಟೋರ್ ಟ್ರಸ್ಟ್ ಬೆಂಬಲಿಸಿದ ಹಲವು ಅಭ್ಯರ್ಥಿಗಳು, 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಜೊನಾಥನ್ ಸಂಪ್ಷನ್ ಅವರಂಥ ಘಟಾನುಘಟಿಯೂ ಸೇರಿ, ಸೋತಿದ್ದಾರೆ. ಸೋತರೂ ಪ್ರತಿವರ್ಷ ಬರುತ್ತಾರೆ, ಬರುವುದು ಅವರ ಹಕ್ಕು. ಆದ್ದರಿಂದ ಬ್ರಿಟನ್ನಿನಲ್ಲಿದ್ದು, ಮಕ್ಕಳನ್ನು ಸುತ್ತಾಡಿಸಲೆಂದು ಟ್ರಸ್ಟಿನ ಸದಸ್ಯತ್ವ ಮಾಡಿಸಿಕೊಂಡು, ಕಾರ್ಡನ್ನು ಪಾರ್ಕಿಂಗಿಗಷ್ಟೇ ಬಳಸುವ ಕನ್ನಡಿಗರಿಗೆ ಒಂದು ಮಾತು: ವಾರ್ಷಿಕ ಸಭೆಗೆ ಮುಂಚೆ ಮತಪತ್ರ ಬರುತ್ತದೆ. ಅದನ್ನು ಓದಿ, ಮತ ಹಾಕಿ. ಪೋವಿಸ್‌ಗೆ ಹೋದಾಗ ಹುಲಿತಲೆಯ ಪಕ್ಕದ ಫಲಕದಲ್ಲಿ ಏನು ಬರೆದಿದೆ ಎಂದು ನೋಡಿ. ಸಾಲದು ಅನ್ನಿಸಿದರೆ ಅಲ್ಲಿಯ ಸಿಬ್ಬಂದಿಯನ್ನು ಕೇಳಿ, ಟ್ರಸ್ಟಿಗೆ ಪತ್ರ ಬರೆಯಿರಿ.